ದೈತ್ಯ ಇರುವೆಭಕ್ಷಕದ ಆರೈಕೆ: ದನದ ಅಳತೆಯಿಂದ ಅಳೆಯಬೇಡಿ

ಚಿತ್ರದುರ್ಗದ ಆಡುಮಲ್ಲೇಶ್ವರದಲ್ಲೋ ದಾವಣಗೆರೆ ಬಳಿಯ ಆನಗೋಡಿನಲ್ಲೋ ಪ್ರಾಣಿಪಾಲನೆ ಕಲಿತು, ಮುಂದೆ ದೊಡ್ಡ ಮೃಗಾಲಯಗಳ ಕೆಲಸಕ್ಕೆ ಸಿದ್ಧರಾಗುತ್ತಿರುವ ನಮ್ಮ ಭಾಗದ ಯುವಕ ಯುವತಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇರುವೆ ತಿನ್ನುವ ಪ್ರಾಣಿಯೆಂದರೆ ನಮಗೆ ಚಿಪ್ಪುಹಂದಿ ನೆನಪಾಗುತ್ತದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ದೈತ್ಯ ಇರುವೆಭಕ್ಷಕ ಅದರ ಬಂಧುವಲ್ಲ. ಅದು ಮರಗಳಲ್ಲಿ ನೇತಾಡುತ್ತ ನಿಧಾನವಾಗಿ ಚಲಿಸುವ ಸ್ಲಾತ್‌ಗಳ ಬಳಗಕ್ಕೆ ಸೇರಿದ್ದು. ದನ, ಕುರಿ, ನಾಯಿಗಳ ಚಿಕಿತ್ಸೆಯಲ್ಲಿ ಪಳಗಿದ ಕೈ ಈ ಪ್ರಾಣಿಯ ವಿಷಯದಲ್ಲಿ ಮೊದಲು ತಪ್ಪುವುದು ಥರ್ಮಾಮೀಟರ್ ನೋಡುವಾಗಲೇ.

ಹಸುವಿನ ಮೈ 101 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ನಾವು ನಿಶ್ಚಿಂತೆಯಿಂದ ಕೊಟ್ಟಿಗೆಯಿಂದ ಹೊರಬರುತ್ತೇವೆ. ಇರುವೆಭಕ್ಷಕದ ಸಹಜ ಉಷ್ಣತೆ 91ರಿಂದ 93 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ, ಅದೇ 101 ಡಿಗ್ರಿ ಇದಕ್ಕೆ ಗಂಭೀರ ಜ್ವರ. ಆದ್ದರಿಂದ ಪ್ರಾಣಿ ಆರೋಗ್ಯವಾಗಿರುವಾಗಲೇ ಅದರ ಉಷ್ಣತೆ, ತೂಕ, ಸಗಣಿಯ ಸ್ವರೂಪ, ಊಟ ಮುಗಿಸಲು ಹಿಡಿಯುವ ಸಮಯ ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ತೂಕವನ್ನು ವಾರಕ್ಕೊಮ್ಮೆಯಾದರೂ ನೋಡಿ. ಉದ್ದನೆಯ ದಟ್ಟ ಕೂದಲಿನಡಿ ಪ್ರಾಣಿ ಸೊರಗಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಸೆರೆಯಲ್ಲಿ ಕಾಣುವ ಕಾಯಿಲೆಗಳಲ್ಲಿ ಬಹುಪಾಲಿನ ಬೇರು ಆಹಾರದಲ್ಲಿದೆ. ಕಾಡಿನಲ್ಲಿ ಇದು ದಿನಕ್ಕೆ ಸಾವಿರಾರು ಇರುವೆ, ಗೆದ್ದಲುಗಳನ್ನು ಮಣ್ಣಿನ ಸಮೇತ ನುಂಗುತ್ತದೆ. ಹಲ್ಲೇ ಇಲ್ಲದಿರುವುದರಿಂದ ಅರೆಯುವ ಕೆಲಸವೆಲ್ಲ ಜಠರದ ದಪ್ಪ ಸ್ನಾಯುಗಳದ್ದು. ಹಿಂದೆ ಅನೇಕ ಮೃಗಾಲಯಗಳು ಹಾಲು, ಮೊಟ್ಟೆ, ಕೊಚ್ಚಿದ ಮಾಂಸ, ನಾಯಿ ಆಹಾರ ಕಲಸಿದ ಅಂಬಲಿಯನ್ನು ಕೊಡುತ್ತಿದ್ದವು. ಹಾಲು ಬಿದ್ದಲ್ಲಿ ಭೇದಿ ಸಾಮಾನ್ಯ. ಭೇದಿ ಕಂಡ ಕೂಡಲೇ ಔಷಧಿಗೆ ಕೈಹಾಕದೆ, ಮೊದಲು ಸಗಣಿಯನ್ನು ಪರಾವಲಂಬಿ ಹುಳುಗಳಿಗಾಗಿ ಮತ್ತು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕಾಗಿ ಪರೀಕ್ಷೆಗೆ ಕಳಿಸಿ; ಅವು ಇಲ್ಲವೆಂದಾದರೆ ಅಂಬಲಿಯಲ್ಲಿ ನಾರಿನಂಶ ಸಾಕಷ್ಟಿದೆಯೇ ಎಂದು ನೋಡಿ. ಇರುವೆಯ ಗಟ್ಟಿ ಹೊರಕವಚವೂ ಮಣ್ಣೂ ಇಲ್ಲದ ನುಣ್ಣನೆಯ ಊಟದಿಂದ ಸಗಣಿ ಸಡಿಲವಾಗುವುದು ಸಹಜ. ಹುತ್ತದ ಮಣ್ಣನ್ನು ಸ್ವಲ್ಪ ಬೆರೆಸುವುದು ಒಳ್ಳೆಯ ಉಪಾಯವೇ, ಆದರೆ ನಮ್ಮ ಮೆಕ್ಕೆಜೋಳದ ಹೊಲಗಳ ಬದುಗಳಿಂದ ಅದನ್ನು ತರಬೇಡಿ. ಅಲ್ಲಿ ಕೀಟನಾಶಕ ಸೇರಿರುವ ಸಾಧ್ಯತೆ ಇರುತ್ತದೆ. ಜನ ಹಾಲೆರೆದು ಪೂಜಿಸುವ ಹುತ್ತಗಳನ್ನೂ ಮುಟ್ಟಬೇಡಿ.

ಇನ್ನೊಂದು ಕೊರತೆ ಸದ್ದಿಲ್ಲದೆ ಕೊಲ್ಲುತ್ತದೆ. ಟಾರಿನ್ ಎಂಬ ಪೋಷಕಾಂಶ ಸಾಲದಾದಾಗ ಈ ಪ್ರಾಣಿಯ ಹೃದಯ ಹಿಗ್ಗಿ, ಅದರ ಗೋಡೆಗಳು ದುರ್ಬಲವಾದದ್ದು ದಾಖಲಾಗಿದೆ. ನಾಯಿಗಳ ಶರೀರ ಸಾಮಾನ್ಯವಾಗಿ ಟಾರಿನ್ ಅನ್ನು ತಾನೇ ತಯಾರಿಸಿಕೊಳ್ಳುತ್ತದೆ, ಹಾಗಾಗಿ ನಾಯಿ ಆಹಾರವನ್ನೇ ನಂಬಿದ ಅಂಬಲಿಯಲ್ಲಿ ಅದು ಕಡಿಮೆ ಬೀಳಬಹುದು. ಬೇಗ ಸುಸ್ತಾಗುವುದು, ಉಸಿರು ಜೋರಾಗುವುದು, ಊಟ ಬಿಡುವುದು ಕಂಡರೆ ಹೃದಯದ ಸ್ಕ್ಯಾನಿಂಗ್ ಮಾಡಿಸಿ. ಹಾಗೆಂದು ವಿಟಮಿನ್ ಪುಡಿಯನ್ನು ಅಂದಾಜಿನಲ್ಲಿ ಸುರಿಯುವುದೂ ಅಪಾಯ: ಇದರ ಹತ್ತಿರದ ಬಂಧು ತಮಾಂಡುವಾದಲ್ಲಿ ಎ ಮತ್ತು ಡಿ ವಿಟಮಿನ್‌ಗಳು ಹೆಚ್ಚಾಗಿ ಬೆನ್ನೆಲುಬಿನ ಮೇಲೆ ಎಲುಬು ಬೆಳೆದದ್ದೂ, ಕೆ ವಿಟಮಿನ್ ಕಡಿಮೆಯಾಗಿ ರಕ್ತಸ್ರಾವವಾದದ್ದೂ ಇದೆ. ಪ್ರಮಾಣವನ್ನು ಪಶುವೈದ್ಯರೂ ಆಹಾರತಜ್ಞರೂ ನಿರ್ಧರಿಸಲಿ.

ನಾಲಿಗೆಯನ್ನು ಪ್ರತಿದಿನ ಊಟದ ಹೊತ್ತಿನಲ್ಲಿ ಗಮನಿಸಿ. ಸುಮಾರು ಎರಡು ಅಡಿ ಚಾಚುವ ಆ ಅಂಟು ನಾಲಿಗೆಗೆ ಕೂದಲೋ ನೂಲೋ ಸುತ್ತಿಕೊಂಡರೆ ರಕ್ತಸಂಚಾರ ನಿಂತು ತುದಿ ಕೊಳೆಯಬಹುದು. ಚಳಿಗೆಂದು ಪ್ರೀತಿಯಿಂದ ಹಳೆಯ ಚಳ್ಳಕೆರೆ ಕಂಬಳಿ ಹಾಸುವ ಮನಸ್ಸು ನಮಗೆ ಬರುತ್ತದೆ; ಎಳೆ ಬಿಟ್ಟ ಕಂಬಳಿ, ಗೋಣಿಚೀಲಗಳು ಇಲ್ಲಿ ಬೇಡವೇ ಬೇಡ. ಅದರ ಬದಲು ಗಾಳಿ ನುಗ್ಗದ ಬೆಚ್ಚಗಿನ ಕೋಣೆ ಕೊಡಿ. ಮೈ ತಾಪ ಕಡಿಮೆಯಿರುವ ಈ ಪ್ರಾಣಿಗೆ ನಮ್ಮ ಡಿಸೆಂಬರ್, ಜನವರಿಯ ಇರುಳುಗಳಲ್ಲಿ ಹೀಟರ್ ಬೇಕಾಗಬಹುದು. ಏಪ್ರಿಲ್ ಬಿಸಿಲಿನಂಥ ದಿನಗಳಲ್ಲಿ ನೆರಳೂ ಮೈ ನೆನೆಸಿಕೊಳ್ಳಲು ನೀರಿನ ಹೊಂಡವೂ ಬೇಕೇ ಬೇಕು.

ಮುಂಗಾಲಿನ ಉಗುರುಗಳನ್ನು ಒಳಕ್ಕೆ ಮಡಚಿ ನಡೆಯುವುದರಿಂದ ಸಿಮೆಂಟ್ ನೆಲದಲ್ಲಿ ಪಾದದ ಅಂಚು ಸವೆದು ಹುಣ್ಣಾಗುತ್ತದೆ. ಅಗೆಯಲು ಮಣ್ಣು, ಸೀಳಲು ಒಣಮರದ ದಿಮ್ಮಿಗಳಿದ್ದರೆ ಉಗುರು ಅತಿಯಾಗಿ ಬೆಳೆಯುವುದಿಲ್ಲ. ಅವೇ ಉಗುರುಗಳಿಂದ ಮನುಷ್ಯರು ಸತ್ತ ಉದಾಹರಣೆಗಳಿವೆ; ಆದ್ದರಿಂದ ತೂಕ, ತಪಾಸಣೆಗಳಿಗೆ ಪ್ರಾಣಿಯನ್ನು ಬೇಲಿಯ ಆಚೆಯಿಂದಲೇ ಬೆಣ್ಣೆಹಣ್ಣಿನ ಆಸೆ ತೋರಿಸಿ ಪಳಗಿಸಬೇಕು. ಬೀದಿನಾಯಿಗಳು ಬೇಲಿಯ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ, ಏಕೆಂದರೆ ನಾಯಿಗಳ ಡಿಸ್ಟೆಂಪರ್ ರೋಗ ಇರುವೆಭಕ್ಷಕಗಳಿಗೂ ತಗಲುತ್ತದೆ.

ಗರ್ಭ ಸುಮಾರು ಆರು ತಿಂಗಳು. ಹುಟ್ಟುವುದು ಒಂದೇ ಮರಿ. ಅದು ತಾಯಿಯ ಬೆನ್ನೇರಿ ಕುಳಿತಿದ್ದರೆ ಹೆಚ್ಚು ಕೈಹಾಕಬೇಡಿ. ಪದೇಪದೇ ಜಾರಿ ಬೀಳುತ್ತಿದ್ದರೆ, ಅಥವಾ ಒಂದೇ ಸಮನೆ ಕೂಗುತ್ತಿದ್ದರೆ, ಅದೇ ದಿನ ಮರಿಯನ್ನು ತೂಗಿ, ತಾಯಿಗೆ ಹಾಲಿದೆಯೇ ಎಂದು ವೈದ್ಯರಿಂದ ಪರೀಕ್ಷೆ ಮಾಡಿಸಿ.