15 ಕೆಜಿಯಲ್ಲಿ ಕಾಂಗ್ ಯಾತ್ಸೆ: ಅಕ್ಕಿ ಚೀಲದ ಪ್ಯಾಕಿಂಗ್, ನನ್ನ ಅನುಭವ

ಚೆಕ್‌ಇನ್‌ಗೆ 15 ಕೆಜಿ, ಕ್ಯಾಬಿನ್‌ಗೆ 7 ಕೆಜಿ. ದೇಶದೊಳಗಿನ ಹೆಚ್ಚಿನ ವಿಮಾನಗಳಲ್ಲಿ ಸಾಮಾನ್ಯ ಟಿಕೆಟ್‌ಗೆ ಸಿಗುವುದು ಇಷ್ಟೇ. 6,000 ಮೀಟರ್ ದಾಟಿದ ಶಿಖರದ ಸಾಮಾನು ಇಷ್ಟರಲ್ಲಿ ಹಿಡಿಯೋದೇ ಇಲ್ಲ ಅಂತ ಬೆಂಗಳೂರಿನ ಕಂಠೀರವ ಸ್ಟೇಡಿಯಂನ ಕ್ಲೈಂಬಿಂಗ್ ವಾಲ್ ಹತ್ತಿರ ನನ್ನ ಜೊತೆ ವಾದ ಮಾಡದವರು ಕಡಿಮೆ. ರೋಪ್ ಬಿಟ್ಟು ಹೋಗು, ಇಲ್ಲ ದುಡ್ಡು ಕಟ್ಟು ಅನ್ನುವುದು ಎಲ್ಲರ ಮಾತು. ಲಡಾಖ್‌ನ ಕಾಂಗ್ ಯಾತ್ಸೆ-2 ಶಿಖರಕ್ಕೆ ಹೋದಾಗ ರೋಪ್ ಸಮೇತ ನನ್ನ ಚೆಕ್‌ಇನ್ ಮೂಟೆ 14.3 ಕೆಜಿ ಬಂತು. ಒಂದು ರೂಪಾಯಿ ಹೆಚ್ಚಿಗೆ ಕಟ್ಟಲಿಲ್ಲ. ಅಂದು ವಾದ ಮಾಡಿದವರಲ್ಲೇ ಕೆಲವರು ಈಗ ಫೋನ್ ಮಾಡಿ ಹೇಗೆ ಅಂತ ಕೇಳುತ್ತಿದ್ದಾರೆ. ಅವರಿಗಾಗಿಯೇ ಇದು. ಟೆಂಟ್ ಮತ್ತು ಅಡುಗೆ ಪಾತ್ರೆ ಈ ಲೆಕ್ಕದಲ್ಲಿಲ್ಲ, ಅವು ಲೇಹ್‌ನಲ್ಲೇ ಸಿಗುತ್ತವೆ.

ಮೊದಲು ದುಡ್ಡಿನ ಮಾತು. ಹೆಚ್ಚುವರಿ ತೂಕಕ್ಕೆ ಕಿಲೋಗೆ 500–600 ರೂಪಾಯಿ ಆಸುಪಾಸು ಕೊಟ್ಟ ನೆನಪು. ಒಂದು ಸಲ 8 ಕೆಜಿ ಜಾಸ್ತಿ ಆಗಿತ್ತು. ಹೋಗುವಾಗ ನಾಲ್ಕೂವರೆ ಸಾವಿರ, ಬರುವಾಗ ಮತ್ತೆ ಅಷ್ಟೇ. ಆ ದುಡ್ಡಿಗೆ ರೋಪ್‌ಗೆ ಸಿಕ್ಕಿಸಲು ಸೊಂಟಕ್ಕೆ ಕಟ್ಟುವ ಒಳ್ಳೆಯ ಹಾರ್ನೆಸ್ಸೇ ಬರುತ್ತಿತ್ತು. ಇನ್ನೊಂದು ವರ್ಷ ಕಬ್ಬಿಣದ ಸಾಮಾನನ್ನೆಲ್ಲ ಮುಂಚೆಯೇ ಪಾರ್ಸೆಲ್ ಮಾಡಿದೆ. ಸುಮಾರು 1,800 ರೂಪಾಯಿ ಆಯಿತು. ನಾವು ಶಿಖರದ ದಾರಿಯ ಮಾರ್ಖಾ ಕಣಿವೆಗೆ ಹೊರಟು ಹೋದ ಮೇಲೆ ಪಾರ್ಸೆಲ್ ಲೇಹ್ ಮುಟ್ಟಿತು. ಬೂಟಿನಡಿ ಕಟ್ಟುವ ಮುಳ್ಳಿನ ಕ್ರ್ಯಾಂಪಾನ್, ಹಿಮ ಕಡಿಯುವ ಐಸ್ ಆ್ಯಕ್ಸ್ ಬಾಡಿಗೆಗೆ ತಗೊಂಡು ಹತ್ತಿದೆ. ಪಾರ್ಸೆಲ್ ದುಡ್ಡೂ ಹೋಯಿತು, ಬಾಡಿಗೆಯೂ ಹೋಯಿತು.

ಆದರೆ ಅದರಿಂದ ಒಂದು ವಿಷಯ ಗೊತ್ತಾಯಿತು. ಕ್ರ್ಯಾಂಪಾನ್, ಆ್ಯಕ್ಸ್, ಹೆಲ್ಮೆಟ್ ಲೇಹ್‌ನಲ್ಲಿ ದಿನಕ್ಕೆ ನೂರಿನ್ನೂರು ರೂಪಾಯಿಗೆ ಬಾಡಿಗೆಗೆ ಸಿಗುತ್ತವೆ. ನನ್ನ ಕಾಲಿಗೆ ಸರಿಯಾಗುವ ಡಬಲ್ ಬೂಟ್ (ಒಳಗೆ ಬೇರೆ ಲೈನರ್ ಇರುವ ಹಿಮದ ಬೂಟ್) ಸಿಗುವುದಿಲ್ಲ. ಮುಂದಿನ ಸಲ ದೆಹಲಿಯಲ್ಲಿ ವಿಮಾನ ಬದಲಿಸುವಾಗ ನನ್ನ ಬ್ಯಾಗ್ ಅಲ್ಲೇ ಉಳಿಯಿತು, ಮಾರನೇ ದಿನ ಬಂತು. ಲೇಹ್ ಇರುವುದೇ 3,500 ಮೀಟರ್ ಎತ್ತರದಲ್ಲಿ. ಒಗ್ಗಿಕೊಳ್ಳಲು ಹೇಗೂ ಎರಡು ದಿನ ಸುಮ್ನೆ ಕೂರಬೇಕಲ್ವಾ, ಹಾಗಾಗಿ ತೊಂದರೆ ಆಗಲಿಲ್ಲ. ಅವತ್ತೇ ಪಟ್ಟಿಯನ್ನು ಎರಡು ಪಾಲು ಮಾಡಿದೆ. ಚೆಕ್‌ಇನ್ ಮೂಟೆ ಬಾರದೇ ಹೋದರೂ ಶಿಖರ ಹತ್ತಲು ಆಗಬೇಕು, ಹಾಗೆ ಕ್ಯಾಬಿನ್ ಬ್ಯಾಗ್ ತುಂಬಬೇಕು.

ಕ್ಯಾಬಿನ್‌ನಲ್ಲಿ ಹೋಗುವುದು: ಡಬಲ್ ಬೂಟ್, ಮಿಟನ್ (ದಪ್ಪ ಕೈಗವಸು), ಶೆಲ್ (ಗಾಳಿ ತಡೆಯುವ ಮೇಲಂಗಿ), ಲೋಹ ತೆಗೆದ ಹಾರ್ನೆಸ್, ಕನ್ನಡಕ, ಹೆಡ್‌ಲ್ಯಾಂಪ್, ಮಾತ್ರೆ, ಕ್ಯಾಮೆರಾ. ಬ್ಯಾಗಿನ ಹೊರಗೆ ಹೆಲ್ಮೆಟ್. ಬೂಟನ್ನು ಕಾಲಿಗೇ ಹಾಕಿಕೊಂಡು ಹೋದರೆ ಎರಡು ಕೆಜಿ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಮಾಡಿ ನೋಡಿದೆ. ಬೆಂಗಳೂರಿನಿಂದ ದೆಹಲಿಗೆ ಮೂರು ಗಂಟೆ, ಅಲ್ಲಿ ರಾತ್ರಿಯೆಲ್ಲ ಕಾಯುವುದು, ಬೆಳಿಗ್ಗೆ ಲೇಹ್. ಇಳಿಯುವಷ್ಟರಲ್ಲಿ ಬೂಟಿನ ಒಳಗಿನ ಲೈನರ್ ಬೆವರಿಗೆ ತೊಯ್ದು ಹೋಗಿತ್ತು, ಒಣಗಲು ಒಂದೂವರೆ ದಿನ ಬೇಕಾಯಿತು. ಸೆಕ್ಯೂರಿಟಿಯಲ್ಲಿ ಬಿಚ್ಚಿ ಹಾಕಿಕೊಳ್ಳುವ ಕೆಲಸ ಬೇರೆ. ಈಗ ಬೂಟ್ ಬ್ಯಾಗಿನೊಳಗೆ, ಅದರೊಳಗೆ ಸಾಕ್ಸ್ ಮತ್ತು ಮಿಟನ್ ತುರುಕಿರುತ್ತೇನೆ. ಬೂಟಿನ ಬದಲು ಗರಿ ತುಂಬಿದ ಡೌನ್ ಜಾಕೆಟ್ ಮೈಮೇಲೆ. ಬೆಂಗಳೂರಿನಲ್ಲಿ ತೋಳಿನ ಮೇಲೆ ಹಾಕಿಕೊಂಡರೆ ಸಾಕು. 6.9 ಕೆಜಿಗೆ ಬಂದು ನಿಲ್ಲುತ್ತದೆ.

ಪವರ್ ಬ್ಯಾಂಕ್ ಕ್ಯಾಬಿನ್‌ನಲ್ಲೇ ಇರಬೇಕು, ಇದು ಎಲ್ಲರಿಗೂ ಗೊತ್ತು. 20,000 ಎಂಎಎಚ್‌ನದ್ದು 74 ವಾಟ್-ಅವರ್, 100ರ ಮಿತಿಯೊಳಗೇ ಇದೆ. ಆದರೆ ಅದರ ಬೆನ್ನ ಮೇಲಿನ ಅಕ್ಷರ ಓದಲು ಬರಬೇಕು. ನನ್ನ ಜೊತೆಗಾರನ ಹಳೇ ಪವರ್ ಬ್ಯಾಂಕಿನ ಅಕ್ಷರ ಉಜ್ಜಿ ಅಳಿಸಿಹೋಗಿತ್ತು, ತೆಗೆದು ಇಟ್ಟುಕೊಂಡರು. ಹೊಸದಾಗಿ ತಂದ ದಿನವೇ ಆ ಅಕ್ಷರದ ಮೇಲೆ ಪಾರದರ್ಶಕ ಟೇಪ್ ಅಂಟಿಸಿಬಿಡಿ. ಅಮೆರಿಕದಿಂದ ಬರುವ ನಮ್ಮವರಿಗೆ ಒಂದು ಮಾತು: ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ಮನೆಯಲ್ಲೇ ಬಿಟ್ಟು ಬನ್ನಿ. ಅನುಮತಿ ಇಲ್ಲದೆ ಇಲ್ಲಿಗೆ ತಂದರೆ ಪೊಲೀಸ್ ಕೇಸ್ ಆಗುತ್ತದೆ.

ಇನ್ನು ಮೂಟೆ. ಡಫಲ್ ಬ್ಯಾಗ್ ಒಂದೇ ಒಂದೂವರೆ ಕೆಜಿ ತಿನ್ನುತ್ತದೆ. ಬೆಟ್ಟದ ಮೇಲೆ ರಕ್‌ಸ್ಯಾಕ್ ಬೇಕೇ ಬೇಕು, ಅದು 1.8 ಕೆಜಿ. ಎರಡೂ ಯಾಕೆ? ರಕ್‌ಸ್ಯಾಕನ್ನೇ ತುಂಬಿ, 50 ಕೆಜಿ ಅಕ್ಕಿಯ ಪ್ಲಾಸ್ಟಿಕ್ ಚೀಲ ಎರಡನ್ನು ಒಂದರೊಳಗೊಂದು ಹಾಕಿ, ಅದರೊಳಗೆ ಇಳಿಸುತ್ತೇನೆ. ಎರಡೂ ಚೀಲ ಸೇರಿ ಇನ್ನೂರು ಗ್ರಾಂ ಇರಬಹುದು. ಪಟ್ಟಿ, ಬಕಲ್ ಯಾವುದೂ ಏರ್‌ಪೋರ್ಟಿನ ಲಗೇಜ್ ಬೆಲ್ಟ್‌ಗೆ ಸಿಕ್ಕಿಕೊಳ್ಳುವುದಿಲ್ಲ. ಮಾರ್ಖಾದಲ್ಲಿ ಕುದುರೆ ಮೇಲೆ ಹೇರಿದಾಗಲೂ ಧೂಳು, ಮಳೆ ಒಳಗೆ ಇಳಿಯಲಿಲ್ಲ. ಮೊದಲು ದಬ್ಬಣ, ಹುರಿ ತಗೊಂಡು ಬಾಯಿ ಹೊಲಿದಿದ್ದೆ. ತಪಾಸಣೆಗೆ ಕರೆದವರು ಕತ್ತರಿಸಿದರು, ವಾಪಸ್ ಹೊಲಿಯುವವರು ಯಾರು? ಈಗ ಬಾಯಿ ಮಡಚಿ ಕೇಬಲ್ ಟೈ ಹಾಕುತ್ತೇನೆ. ಹೆಚ್ಚಿಗೆ ಟೈ ಜೇಬಿನಲ್ಲಿರುತ್ತದೆ.

ಎಕ್ಸ್‌ರೇ ವಿಷಯದಲ್ಲಿ ಎರಡು ಥರ ಮಾಡಿ ನೋಡಿದ್ದೇನೆ. ಕ್ಯಾರಬೈನರ್ (ರೋಪ್ ಸಿಕ್ಕಿಸುವ ಕೊಂಡಿ), ಐಸ್ ಸ್ಕ್ರೂ, ಜುಮಾರ್ (ರೋಪ್ ಮೇಲೆ ಹತ್ತಲು ಹಿಡಿ), ಡಿಸೆಂಡರ್ (ರೋಪ್ ಮೇಲೆ ಇಳಿಯಲು) ಎಲ್ಲವನ್ನೂ ಬಟ್ಟೆ ನಡುವೆ ಅಲ್ಲಲ್ಲಿ ಹರಡಿದರೆ ಕರೆಯುವುದು ಗ್ಯಾರಂಟಿ. ಪರದೆ ಮೇಲೆ ಅಲ್ಲೊಂದು ಕೊಳವೆ, ಇಲ್ಲೊಂದು ಹಲ್ಲು ಕಾಣುತ್ತದೆ, ಒಂದೊಂದಕ್ಕೂ ಉತ್ತರ ಹೇಳಬೇಕು. ಎಲ್ಲವನ್ನೂ ಒಂದು ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಮೂಟೆಯ ಬಾಯಲ್ಲೇ ಇಟ್ಟರೆ ಕರೆದರೂ ಎರಡು ನಿಮಿಷದ ಕೆಲಸ. ಡಬ್ಬಿ ಮುಚ್ಚಳದೊಳಗೆ ಒಂದು ಹಾಳೆ: ಸಾಮಾನಿನ ಹೆಸರು ಹಿಂದಿ, ಇಂಗ್ಲಿಷ್‌ನಲ್ಲಿ, ಐಸ್ ಆ್ಯಕ್ಸ್ ಹಿಡಿದ ಒಂದು ಫೋಟೋ, ಶಿಖರದ ಪರವಾನಗಿಯ ಪ್ರತಿ. ಆ ಹಾಳೆಯಲ್ಲಿ ಇನ್ನೊಂದು ಸಾಲು ಬರೆಯುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಕ್ರ್ಯಾಂಪಾನ್ ಮಾತ್ರ ತುಂಬಾ ಕಾಡಿತು. ಅದರ ಜೊತೆ ಬಂದ ಬಟ್ಟೆ ಚೀಲವನ್ನು ನಂಬಿ ಹಾಕಿದ್ದೆ. ಮೂಟೆ ಎಲ್ಲೋ ಜೋರಾಗಿ ಬಿದ್ದಿರಬೇಕು. ಮುಂದಿನ ಎರಡು ಹಲ್ಲು ಚೀಲ ತೂರಿ, ರಕ್‌ಸ್ಯಾಕ್ ತೂರಿ, ಸ್ಲೀಪಿಂಗ್ ಬ್ಯಾಗ್ ಸೀಳಿ ಹೊರಗೆ ಬಂದಿದ್ದವು. ಲೇಹ್‌ನಲ್ಲಿ ಬೆಲ್ಟ್ ಮೇಲಿಂದ ಎತ್ತಿದಾಗ ಬಿಳಿ ಗರಿ ಉದುರುತ್ತಿತ್ತು. ಟೇಪ್ ಹಾಕಿ ಆ ಟ್ರಿಪ್ ಮುಗಿಸಿದೆ. ಬೆಂಗಳೂರಲ್ಲಿ ರಿಪೇರಿಗೆ ಎರಡು ಸಾವಿರದ ಹತ್ತಿರ ಆಯಿತು. ಆಮೇಲೆ ಥರ್ಮೋಕೋಲ್‌ನಲ್ಲಿ ಚುಚ್ಚಿ ಕಳಿಸಿದೆ, ಪುಡಿಪುಡಿಯಾಗಿ ಬಂತು. ಈಗ ಅಡುಗೆ ಎಣ್ಣೆಯ 5 ಲೀಟರ್ ಕ್ಯಾನ್ ಅಡ್ಡ ಕತ್ತರಿಸಿ, ಸೋಪು ಹಾಕಿ ತೊಳೆದು, ಎರಡು ಕ್ರ್ಯಾಂಪಾನ್‌ಗಳನ್ನು ಹಲ್ಲಿಗೆ ಹಲ್ಲು ಎದುರಾಗಿ ಕೂರಿಸಿ, ಸೈಕಲ್ ಟ್ಯೂಬ್ ಬಿಗಿಯುತ್ತೇನೆ. ಅದೇ ಟ್ಯೂಬಿನ ತುಂಡು ಐಸ್ ಆ್ಯಕ್ಸ್‌ನ ಮೂತಿಗೂ ಬಾಲಕ್ಕೂ. ಕ್ಯಾನ್ ಹೇಗೆ ಕತ್ತರಿಸಿದರೆ ಮುಚ್ಚಳದ ಹಾಗೆ ಕೂರುತ್ತದೆ ಅನ್ನುವುದನ್ನು ನೀವೇ ಎರಡು ಕ್ಯಾನ್ ಹಾಳು ಮಾಡಿ ಕಲಿಯಬೇಕು.

ವ್ಯಾಕ್ಯೂಮ್ ಚೀಲವನ್ನೂ ಬಿಡಲಿಲ್ಲ. ಸ್ಲೀಪಿಂಗ್ ಬ್ಯಾಗ್, ಬಟ್ಟೆ ಅರ್ಧಕ್ಕರ್ಧ ಇಳಿಯುತ್ತವೆ. ಆದರೆ ನಮ್ಮ ತಾಪತ್ರಯ ತೂಕದ್ದು, ಗಾತ್ರದ್ದಲ್ಲ. ತಪಾಸಣೆಯಲ್ಲಿ ಒಂದು ಸಲ ಬಿಚ್ಚಿದರೆ ಮತ್ತೆ ಮುಚ್ಚಲು ಪಂಪ್ ಇರುವುದಿಲ್ಲ. ಡೌನ್ ತುಂಬಾ ಹೊತ್ತು ಅದುಮಿದರೆ ಉಬ್ಬುವುದೂ ನಿಧಾನ. ಸಾಕು ಮಾಡಿದೆ.

ರೋಪ್ 8 ಮಿಲಿಮೀಟರ್, 50 ಮೀಟರ್, ಎರಡು ಕೆಜಿ ಚಿಲ್ಲರೆ. ಇದಕ್ಕೆ ಪ್ರತ್ಯೇಕ ಪ್ಲಾಸ್ಟಿಕ್ ಕವರ್ ಬೇಕೇ ಬೇಕು. ಪಕ್ಕದ ಲಗೇಜಿನಿಂದ ಏನು ಸೋರುತ್ತದೋ ಗೊತ್ತಿಲ್ಲ. ಬ್ಯಾಟರಿ ಆ್ಯಸಿಡ್ ತಾಗಿದ ನೈಲಾನ್ ನೋಡಲು ಚೆನ್ನಾಗೇ ಇರುತ್ತದೆ, ಭಾರ ಬಿದ್ದಾಗ ಹರಿಯುತ್ತದೆ. ಇದರಲ್ಲಿ ದಯವಿಟ್ಟು ಜಿಪುಣತನ ಬೇಡ.

ಸ್ಟವ್‌ನ ಗ್ಯಾಸ್ ಡಬ್ಬಿ ಕ್ಯಾಬಿನ್‌ಗೂ ಇಲ್ಲ, ಚೆಕ್‌ಇನ್‌ಗೂ ಇಲ್ಲ, ಲೇಹ್ ಪೇಟೆಯಲ್ಲಿ ಕೊಳ್ಳಿ. ಸ್ಟವ್‌ನ ಥ್ರೆಡ್ ಅದಕ್ಕೆ ಕೂರುತ್ತಾ ಅಂತ ಅಂಗಡಿಯಲ್ಲೇ ತಿರುಗಿಸಿ ನೋಡಿ.

ಊಟದ ಪಾಲು ಒಂದೂವರೆ ಕೆಜಿ. ಗೊಜ್ಜವಲಕ್ಕಿ ಮಿಕ್ಸ್, ಹುರಿಹಿಟ್ಟು, ಕಡಲೆಬೀಜದ ಚಿಕ್ಕಿ, ಚಟ್ನಿಪುಡಿ. ಚಿಕ್ಕಿ ಬೇಸ್ ಕ್ಯಾಂಪಿನ ಚಳಿಗೆ ಕಲ್ಲಾಯಿತು, ಹಲ್ಲಿಗೆ ಆಗದು. ಮುಂದಿನ ಸಲ ಬೆಲ್ಲ ಕಡಿಮೆ ಹಾಕಿ ಉಂಡೆ ಕಟ್ಟಿಸಿದೆ, ಅದು ಗೆದ್ದಿತು. ಮಾರ್ಖಾ ದಾರಿಯ ನಿಮಾಲಿಂಗ್‌ನಲ್ಲಿ, 4,700 ಮೀಟರ್ ಮೇಲೆ, ಬಾಯಿಗೆ ಏನೂ ಸೇರದಿದ್ದಾಗ ಬಿಸಿ ಅನ್ನಕ್ಕೆ ಚಟ್ನಿಪುಡಿ ಕಲಸಿ ಕೊಟ್ಟರೆ ಜೊತೆಗಾರರೆಲ್ಲ ತಟ್ಟೆ ಖಾಲಿ ಮಾಡಿದರು. ಇಡೀ ಒಣ ಕೊಬ್ಬರಿ ಗಿಟುಕು ಮಾತ್ರ ಲಗೇಜಿನಲ್ಲಿ ಹಾಕಬೇಡಿ, ಎಣ್ಣೆ ಜಾಸ್ತಿ ಅಂತ ತೆಗೆಸುತ್ತಾರೆ.

ಟಿಕೆಟ್ ಬೆಂಗಳೂರಿನಿಂದ ಲೇಹ್‌ಗೆ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಬೇರೆ ಬೇರೆ ತಗೊಂಡರೆ ಐನೂರೋ ಸಾವಿರವೋ ಉಳಿಯುತ್ತದೆ, ಆದರೆ ದೆಹಲಿಯಲ್ಲಿ ಮೂಟೆ ಇಳಿಸಿ, ಮತ್ತೆ ತೂಗಿಸಿ, ಮತ್ತೆ ಡಬ್ಬಿ ತೋರಿಸಬೇಕು.

ವಾಪಸ್ ಬರುವಾಗ ಎಲ್ಲವೂ ಒದ್ದೆ. ರೋಪ್ ಒಂದೇ ಅರ್ಧ ಕೆಜಿ ನೀರು ಕುಡಿದಿರುತ್ತದೆ. ಲೇಹ್‌ಗೆ ಇಳಿದ ದಿನವೇ ಗೆಸ್ಟ್ ಹೌಸ್ ತಾರಸಿಯ ನೆರಳಲ್ಲಿ ಹರಡಿ, ಅಲ್ಲಿನ ಒಣ ಗಾಳಿಗೆ ಸಂಜೆಯೊಳಗೆ ಆಗಿಬಿಡುತ್ತದೆ. ಉಳಿದ ಗ್ಯಾಸನ್ನು ಕುದುರೆಯವರಿಗೆ ಕೊಟ್ಟು ಬನ್ನಿ. ಊಟದ ಒಂದೂವರೆ ಕೆಜಿ ಖಾಲಿಯಾಗಿರುವುದರಿಂದ ಮೂಟೆಯಲ್ಲಿ ಜಾಗ ಇರುತ್ತದೆ. ಕಳೆದ ಸಲ ನಾನು ಅದಕ್ಕೆ ಒಣ ಆಪ್ರಿಕಾಟ್ ತುಂಬಿಕೊಂಡು ಬಂದೆ. ಕೌಂಟರ್‌ನಲ್ಲಿ 14.8 ತೋರಿಸಿತು.