ದೂರ ಹೊರಡುವ ಹಿಂದಿನ ಸಂಜೆ ನಾನು ಬೈಕಿಗೆ ಏನೇನು ಮಾಡುತ್ತೇನೆ

ದೂರ ಹೋಗುವ ಹಿಂದಿನ ಸಂಜೆ ಬೈಕನ್ನು ನಾನೇ ತೊಳೆಯುತ್ತೇನೆ. ಪ್ರೆಶರ್ ಹೊಡೆಯುವ ಕಡೆ ಕೊಡುವುದಿಲ್ಲ. ಒಂದು ಬಕೆಟ್ ನೀರು, ಹಳೇ ಬನಿಯನ್ನು ಸಾಕು. ಕೈಯಲ್ಲಿ ಒರೆಸುತ್ತಾ ಹೋದರೆ ಸಡಿಲವಾದ ನಟ್ಟು, ಮುಂದಿನ ಚಕ್ರ ಹಿಡಿಯುವ ಫೋರ್ಕ್ ಮೇಲೆ ಇಳಿದ ಎಣ್ಣೆ, ಎಳೆ ಬಿಟ್ಟ ಕ್ಲಚ್ ಕೇಬಲ್ ಎಲ್ಲಾ ತಾನಾಗೇ ಕಣ್ಣಿಗೆ ಬೀಳುತ್ತವೆ.

ಜಾಸ್ತಿ ಹೊತ್ತು ಹಿಡಿಯುವುದು ಚೈನ್. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತೇನೆ. ಇಂಜಿನ್ ಓಡಿಸಿಕೊಂಡು ಚೈನ್ ಒರೆಸಲು ಹೋಗಿ ಬೆರಳು ಕಳಕೊಂಡವರಿದ್ದಾರೆ, ಅದು ಬೇಡವೇ ಬೇಡ. ಸೀಮೆಎಣ್ಣೆ ಅದ್ದಿದ ಬ್ರಷ್‌ನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸುತ್ತೇನೆ. ಪೆಟ್ರೋಲ್ ಹಾಕಬಾರದು, ಚೈನ್ ಒಳಗಿನ ರಬ್ಬರ್ ಬಳೆ (ಓ-ರಿಂಗ್) ಹಾಳಾಗುತ್ತದೆ. ಆಮೇಲೆ ಕೆಳಗಿನ ಚೈನನ್ನು ಮಧ್ಯದಲ್ಲಿ ಬೆರಳಿನಿಂದ ಎತ್ತಿ ಇಳಿಸಿ, ಎಷ್ಟು ಆಡುತ್ತದೆ ಎಂದು ಸ್ಕೇಲ್ ಹಿಡಿದು ನೋಡುವುದು. ಎಷ್ಟಿರಬೇಕು ಎಂಬುದು ಬೈಕಿನ ಪುಸ್ತಕದಲ್ಲಿರುತ್ತದೆ. ಒಂದೇ ಕಡೆ ಅಳೆದರೆ ಸಾಲದು. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ, ಎಲ್ಲಿ ಅತಿ ಬಿಗಿಯೋ ಅಲ್ಲೇ ಹೊಂದಿಸಬೇಕು. ಸಡಿಲ ಇದ್ದ ಕಡೆ ಬಿಗಿ ಮಾಡಿಬಿಟ್ಟರೆ ಬಿಗಿ ಇದ್ದ ಕಡೆ ತಂತಿ ಎಳೆದ ಹಾಗಾಗಿ ಬೇರಿಂಗ್ ತಿನ್ನುತ್ತದೆ. ಹೊಂದಿಸುವಾಗ ಹಿಂದಿನ ಚಕ್ರದ ಆಕ್ಸಲ್ ಹತ್ತಿರ ಎಡ ಬಲದಲ್ಲಿರುವ ಗುರುತು ಸಮ ಇರಲಿ. ಆಕ್ಸಲ್ ನಟ್ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿ ಮಾಡುವಾಗ ಅಳತೆ ಬದಲಾಗಿರುತ್ತದೆ. ಚೈನ್ ಲ್ಯೂಬ್ ಹಾಕುವುದು ರಾತ್ರಿಯೇ. ಬೆಳಗ್ಗೆ ಹಾಕಿ ಹೊರಟರೆ ಅರ್ಧ ಪ್ಯಾಂಟಿಗೇ ಅಂಟುತ್ತದೆ. ಒಣರಸ್ತೆಯಲ್ಲಿ 500 ಕಿ.ಮೀ.ಗೊಮ್ಮೆ ಸಾಕು, ಮಳೆಯಲ್ಲಿ ದಿನಾ ಸಂಜೆ.

ಉಳಿದದ್ದು ಬೇಗ ಮುಗಿಯುತ್ತದೆ. ಟೈರ್ ತಣ್ಣಗಿರುವಾಗ ಗಾಳಿ, ಬ್ರೇಕ್ ಪ್ಯಾಡಿಗೆ ಟಾರ್ಚ್ ಹಿಡಿದು ಒಂದು ನೋಟ, ಇಂಜಿನ್ ಆಯಿಲ್ ಮಟ್ಟ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಅದು ಗಾಳಿಯ ತೇವ ಹೀರುತ್ತದೆ. ಆಗುಂಬೆಯ ತಿರುವುಗಳಲ್ಲಿ ಇಳಿಯುತ್ತಾ ಬ್ರೇಕ್ ಕಾದಾಗ ಆ ತೇವ ಆವಿಯಾಗಿ ಲಿವರ್ ಮೆತ್ತಗಾಗುತ್ತದೆ.

ದಾರಿಯಲ್ಲಿ ಕೆಟ್ಟು ನಿಂತರೆ? ಇಂಜಿನ್ ಬಿಚ್ಚುವ ಯೋಚನೆ ಬೇಡ, ಮೊದಲು ಸ್ವಿಚ್ ನೋಡಿ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ನನ್ನ ಬೈಕ್ ನ್ಯೂಟ್ರಲ್‌ನಲ್ಲಿ ಚೆನ್ನಾಗಿ ಸ್ಟಾರ್ಟ್ ಆಗುತ್ತಿತ್ತು, ಗೇರ್ ಹಾಕಿದ ಕೂಡಲೇ ಆಫ್. ಇದು ಸೈಡ್ ಸ್ಟ್ಯಾಂಡ್ ಸ್ವಿಚ್ಚಿನದೇ ಕೆಲಸ, ಸ್ಟ್ಯಾಂಡ್ ಕೆಳಗಿದ್ದಾಗ ಗೇರ್ ಹಾಕಿದರೆ ಅದು ಇಂಜಿನ್ ಆಫ್ ಮಾಡುತ್ತದೆ. ಕೆಸರು ಹಿಡಿದು, ಸ್ಟ್ಯಾಂಡ್ ಇನ್ನೂ ಕೆಳಗಿದೆ ಅಂತ ಅದು ತಿಳಿದುಕೊಂಡಿತ್ತು. ಬಾಟಲಿ ನೀರು ಹೊಯ್ದು, ಸ್ಟ್ಯಾಂಡನ್ನು ಹತ್ತು ಸಲ ಮೇಲೆ ಕೆಳಗೆ ಮಾಡಿದೆ, ಸರಿಹೋಯಿತು.

ಸೆಲ್ಫ್ ಒತ್ತಿದಾಗ ಬರೀ ಕಟಕಟ ಅಂದರೆ ಬ್ಯಾಟರಿ ಟರ್ಮಿನಲ್ ಸಡಿಲವೇ ನೋಡಿ, ಕೆಟ್ಟ ರಸ್ತೆಯಲ್ಲಿ ಆ ಸ್ಕ್ರೂ ಬಿಡುತ್ತದೆ. ಏನೂ ಸದ್ದಿಲ್ಲದಿದ್ದರೆ ಕಿಲ್ ಸ್ವಿಚ್ (ಹ್ಯಾಂಡಲ್ ಮೇಲೆ ಇಂಜಿನ್ ಆಫ್ ಮಾಡುವ ಸ್ವಿಚ್) ನೋಡಿ, ಆಮೇಲೆ ಫ್ಯೂಸ್. ಇಂಜಿನ್ ತಿರುಗಿಯೂ ಹತ್ತದಿದ್ದರೆ ಸ್ಪಾರ್ಕ್ ಪ್ಲಗ್ ಕ್ಯಾಪ್ ಒದ್ದೆಯಾಗಿದೆಯೇ ನೋಡಿ. ಪೆಟ್ರೋಲ್ ಇದೆಯೇ ಅಂತಲೂ ನೋಡಿ, ನಗಬೇಡಿ!

ಕ್ಲಚ್ ಕೇಬಲ್ ಸ್ಪೇರ್ ಇಟ್ಟುಕೊಳ್ಳುವವರು ಬ್ಯಾಗಿನಲ್ಲಿಡುತ್ತಾರೆ. ನಾನು ಸ್ಪೇರನ್ನು ಈಗಿರುವ ಕೇಬಲ್‌ನ ಪಕ್ಕದಲ್ಲೇ ಹಾಯಿಸಿ ಟ್ಯಾಗ್ ಹಾಕಿ ಕಟ್ಟಿಟ್ಟಿದ್ದೇನೆ, ತುದಿಗೆ ಪ್ಲಾಸ್ಟಿಕ್ ಸುತ್ತಿದೆ. ತುಂಡಾದರೆ ಟ್ಯಾಂಕ್ ಬಿಚ್ಚುವ ರಗಳೆ ಇಲ್ಲ, ಎರಡು ತುದಿ ಸಿಕ್ಕಿಸಿದರೆ ಆಯಿತು.