ಹಿಮ್ಮಡಿ ನೋವಿಗೆ ಹಾಸಿಗೆಯ ಮೇಲಿನ ಆರೈಕೆ

ಬೆಳಗ್ಗೆ ಮೊದಲ ಹೆಜ್ಜೆ ಊರಿದೊಡನೆ ಹಿಮ್ಮಡಿಗೆ ಮೊಳೆ ಹೊಡೆದಂತಾಗಿ ಚೀರುವುದು, ಗೋಡೆ ಹಿಡಿದು ನಾಲ್ಕು ಹೆಜ್ಜೆ ಕುಂಟುವುದು, ನೋವು ತುಸು ಸಡಿಲವಾದೊಡನೆ ಏನೂ ಆಗಿಲ್ಲವೆಂಬಂತೆ ದಿನವಿಡೀ ಗಟ್ಟಿ ನೆಲದ ಮೇಲೆ ಬರಿಗಾಲಿನಲ್ಲಿ ಓಡಾಡುವುದು, ಇವನ್ನೆಲ್ಲ ಮನೆಯ ಕಿರಿಯರಲ್ಲಿ ನೋಡಿ ನೋಡಿ ಬೇಸತ್ತು ಬರೆಯಲು ಕುಳಿತಿದ್ದೇನೆ.

ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ, ಅಂಗಾಲಿನ ಕಮಾನಿಗೆ ಆಸರೆಯಾಗಿ, ದಪ್ಪನೆಯ ನಾರಿನ ಪಟ್ಟಿಯೊಂದಿದೆ. ಬಹಳ ಹೊತ್ತು ನಿಲ್ಲುವುದರಿಂದಲೋ, ಮೈತೂಕ ಏರಿದ್ದರಿಂದಲೋ, ಒಮ್ಮೆಲೇ ಓಟ ಹೆಚ್ಚಿಸಿದ್ದರಿಂದಲೋ ಅದು ಹಿಮ್ಮಡಿಗೆ ಅಂಟಿರುವ ಜಾಗದಲ್ಲಿ ಜಗ್ಗಿ ನೋಯತೊಡಗುತ್ತದೆ. ವೈದ್ಯರು ಪ್ಲಾಂಟಾರ್ ಫೇಶಿಯೈಟಿಸ್ ಎನ್ನುವುದು ಇದನ್ನೇ. ರಾತ್ರಿಯೆಲ್ಲ ಪಾದ ಕೆಳಕ್ಕೆ ಬಾಗಿ ಮುದುಡಿದ್ದ ಪಟ್ಟಿ, ಮೊದಲ ಹೆಜ್ಜೆಯಲ್ಲಿ ಮೈಯ ಭಾರವೆಲ್ಲ ಬಿದ್ದಾಗ ಸೆಟೆಯುತ್ತದೆ. ಎಕ್ಸ್‌ರೇಯಲ್ಲಿ ಮೂಳೆಯ ಮುಳ್ಳು ಕಂಡಿತೆಂದು ಕಂಗಾಲಾಗಬೇಡಿ, ನೋವೇ ಇಲ್ಲದ ಎಷ್ಟೋ ಮಂದಿಯ ಹಿಮ್ಮಡಿಯಲ್ಲೂ ಅದು ಇರುತ್ತದೆ.

ನನಗೆ ಈ ನೋವು ಬಂದಾಗ ಹಿಮ್ಮಡಿ ಊರದೆ ತುದಿಗಾಲಿನಲ್ಲೇ ತಿಂಗಳುಗಟ್ಟಲೆ ನಡೆದು ಮೀನಖಂಡವನ್ನೂ ಬಿಗಿ ಮಾಡಿಕೊಂಡಿದ್ದೆ. ಕೊನೆಗೆ ಕೈಹಿಡಿದದ್ದು ಒಂದೇ ಉಪಾಯ, ಅದನ್ನು ದಯವಿಟ್ಟು ಅವಸರವಿಲ್ಲದೆ ಮಾಡಿ. ನೆಲಕ್ಕೆ ಕಾಲಿಡುವ ಮುನ್ನ, ಹಾಸಿಗೆಯ ಅಂಚಿನಲ್ಲಿ ಕುಳಿತು ನೋಯುವ ಪಾದವನ್ನು ಇನ್ನೊಂದು ಮೊಣಕಾಲಿನ ಮೇಲೆ ಇಟ್ಟುಕೊಳ್ಳಿ. ಒಂದು ಕೈಯಿಂದ ಐದೂ ಬೆರಳುಗಳನ್ನು ಬುಡದಲ್ಲಿ ಹಿಡಿದು, ಮಂಡಿಯ ಕೆಳಗಿನ ಕಾಲಿನ ಮುಂಭಾಗದ ಕಡೆಗೆ ಮೆಲ್ಲನೆ ಎಳೆಯಿರಿ. ತುದಿ ಹಿಡಿದು ಎಳೆದರೆ ಬೆರಳು ನೋಯುತ್ತದೆಯೇ ಹೊರತು ಪಟ್ಟಿ ಮಿಸುಕುವುದಿಲ್ಲ. ಇನ್ನೊಂದು ಕೈಯ ಹೆಬ್ಬೆರಳನ್ನು ಅಂಗಾಲಿನ ಕಮಾನಿನ ಮೇಲೆ ಆಡಿಸಿದಾಗ ಬಿಗಿದ ತಂತಿಯಂತೆ ಏನೋ ತಾಗಬೇಕು, ತಾಗದಿದ್ದರೆ ನೀವು ಎಳೆದದ್ದು ಸಾಲದು. ಹಾಗೆಯೇ 10 ಎಣಿಸಿ ಬಿಡಿ, ಮತ್ತೆ ಎಳೆಯಿರಿ, ಹೀಗೆ 10 ಸಲ. ದಿನಕ್ಕೆ 3 ಬಾರಿ ಮಾಡಬೇಕು, ಬೆಳಗಿನದಂತೂ ತಪ್ಪಲೇಕೂಡದು. ಒಣಗಿ ಸೆಟೆದ ಹತ್ತಿಬಟ್ಟೆಗೆ ನೀರು ಚಿಮುಕಿಸಿ ಸುತ್ತಿಡದೆ ನೇರವಾಗಿ ಇಸ್ತ್ರಿ ಒತ್ತಿ, ಸುಕ್ಕು ಹೋಗಲಿಲ್ಲವೆಂದು ಪೆಟ್ಟಿಗೆಯನ್ನು ಬೈಯುವವರಿಗೆ ಈ ತಾಳ್ಮೆ ಎಲ್ಲಿಂದ ಬರಬೇಕು!

ಗೋಡೆಗೆ ಕೈಯೊತ್ತಿ, ಹಿಂದಿನ ಕಾಲಿನ ಮಂಡಿ ಮಡಿಸದೆ, ಹಿಮ್ಮಡಿ ಎತ್ತದೆ ನಿಂತು ಮೀನಖಂಡವನ್ನೂ ಸಡಿಲಿಸಬೇಕು. ಸಂಜೆ ನೀರು ಹೆಪ್ಪುಗಟ್ಟಿಸಿದ ಸಣ್ಣ ಬಾಟಲಿಗೆ ಬಟ್ಟೆ ಸುತ್ತಿ ಅಂಗಾಲಿನಡಿ ಹತ್ತು ನಿಮಿಷ ಉರುಳಿಸಿದರೆ ಹಿತವಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ಮಾತ್ರ ಮಂಜುಗಡ್ಡೆಯ ತಂಟೆಗೆ ಹೋಗಬಾರದು. ಇಷ್ಟು ಮಾಡಿಯೂ ವಾರದಲ್ಲೇ ವಾಸಿಯಾಗಲಿಲ್ಲವೆಂದು ಗೊಣಗಿದರೆ ನಾನು ಕೇಳುವವಳಲ್ಲ, ಹೆಚ್ಚಿನವರಿಗೆ ತಿಂಗಳುಗಳೇ ಹಿಡಿಯುತ್ತವೆ. ಆದರೆ ಜೋಮು, ಊತ, ಜ್ವರ, ಸುಮ್ಮನೆ ಮಲಗಿದ್ದಾಗಲೂ ಬಿಡದ ನೋವು, ಇಲ್ಲವೇ ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವು ಇದ್ದರೆ ಮನೆಮದ್ದು ಬಿಟ್ಟು ವೈದ್ಯರಿಗೆ ತೋರಿಸಿ.

ಚಪ್ಪಲಿಯ ಹಿಮ್ಮಡಿಯನ್ನು ಬೆರಳಿನಿಂದ ಒತ್ತಿ ನೋಡಿ. ಕಾಗದದಂತೆ ತೆಳುವಾಗಿದ್ದರೆ ಎಸೆಯಿರಿ, ಮೆತ್ತಗಿದ್ದೂ ಕಮಾನಿಗೆ ಆಸರೆ ಕೊಡುವ ಜೋಡೊಂದನ್ನು ರಾತ್ರಿಯೇ ಮಂಚದ ಪಕ್ಕ, ಕಾಲಿಳಿಸಿದರೆ ನೇರವಾಗಿ ತೂರಿಕೊಳ್ಳುವಂತೆ ಇಟ್ಟು ಮಲಗಿ.